ನಾಟಕದಲ್ಲಿ ತೆರೆಯ ಹಿಂದೆ ಏನೇನು ಕೆಲಸಗಳಿರುತ್ತವೆ? ನಿರ್ದೇಶಕರು ಹೇಳಿದ್ದನ್ನು ಮಾಡುವುದಷ್ಟೆಯೇ?

ವಿರಾಜಪೇಟೆಯ ಕಾಲೇಜಿನಲ್ಲಿ ಓದುತ್ತಿರುವ ನಿಮಗೆ ನಾಟಕದಲ್ಲಿ ತೊಡಗಿಕೊಳ್ಳುವ ಆಸೆಯಿದೆ, ಆದರೆ ಜನರ ಮುಂದೆ ನಿಂತು ಮಾತನಾಡುವ ಧೈರ್ಯವಿಲ್ಲ ಎಂದು ಬರೆದಿದ್ದೀರಿ. ತೆರೆಯ ಹಿಂದಿನ ಕೆಲಸಗಳು ಯಾವುವು, ಅಲ್ಲಿರುವವರು ನಿರ್ದೇಶಕರು ಹೇಳಿದ್ದನ್ನು ಮಾಡಿ ಮುಗಿಸುವವರಷ್ಟೆಯೇ ಎಂದೂ ಕೇಳಿದ್ದೀರಿ. ಮಡಿಕೇರಿಯ ಹವ್ಯಾಸಿ ತಂಡವೊಂದರಲ್ಲಿ ಹಲವು ವರ್ಷಗಳಿಂದ ಬೆಳಕು ಮತ್ತು ರಂಗ ನಿರ್ವಹಣೆಯ ಕೆಲಸ ಮಾಡುತ್ತಿರುವ ನನಗೆ ಎರಡನೆಯ ಪ್ರಶ್ನೆಯೇ ಮುಖ್ಯವೆಂದು ತೋರುವುದರಿಂದ ಅದಕ್ಕೆ ಮೊದಲು ಉತ್ತರಿಸುತ್ತೇನೆ. ನೇಪಥ್ಯದವರು, ಅಂದರೆ ತೆರೆಯ ಹಿಂದೆ ದುಡಿಯುವವರು, ನಾಟಕ ಕಟ್ಟುವವರೇ ಆಗಿದ್ದಾರೆ. ಆದ್ದರಿಂದ ಅವರು ತಾಲೀಮಿನ ಮೊದಲ ದಿನದಿಂದಲೇ ನಟರ ಜೊತೆ ಕುಳಿತಿರಬೇಕು. ಪ್ರದರ್ಶನಕ್ಕೆ ಎರಡು ದಿನವಿರುವಾಗ ಲೈಟಿನವರನ್ನೂ ಮೇಕಪ್ಪಿನವರನ್ನೂ ಬಾಡಿಗೆಗೆ ಕರೆಸಿಕೊಳ್ಳುವ ರೂಢಿ ಅನೇಕ ಹವ್ಯಾಸಿ ತಂಡಗಳಲ್ಲಿದೆ. ಅಂಥ ನಾಟಕಗಳಲ್ಲಿ ನಟನೆ ಚೆನ್ನಾಗಿದ್ದರೂ ಬೆಳಕು ಒಂದು ಕಡೆ, ಸಂಗೀತ ಒಂದು ಕಡೆ, ಉಡುಪು ಇನ್ನೊಂದು ಕಡೆ ಎಳೆಯುತ್ತಿರುವುದು ನೋಡುವವರಿಗೆ ತಿಳಿದೇ ತಿಳಿಯುತ್ತದೆ.

ಇದು ಇಂದು ನಿನ್ನೆ ಹುಟ್ಟಿದ ವಿಚಾರವೂ ಅಲ್ಲ. ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಸಾತ್ವಿಕ, ಆಹಾರ್ಯ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಆಹಾರ್ಯವೆಂದರೆ ವೇಷಭೂಷಣ, ಬಣ್ಣಗಾರಿಕೆ ಮತ್ತು ರಂಗದ ಮೇಲೆ ಬಳಸುವ ವಸ್ತುಗಳು. ನಾಟಕ ಮಂಡಳಿಯಲ್ಲಿ ಯಾರ್‍ಯಾರು ಇರಬೇಕೆಂದು ಹೇಳುವಾಗಲೂ ಆ ಗ್ರಂಥವು ಸೂತ್ರಧಾರ, ನಟ, ವಿದೂಷಕರ ಸಾಲಿನಲ್ಲಿಯೇ ಮುಕುಟಕಾರ, ಆಭರಣ ಮಾಡುವವನು, ಮಾಲೆ ಕಟ್ಟುವವನು, ವೇಷಕಾರ, ಚಿತ್ರಕಾರ, ಬಟ್ಟೆಯ ಬಣ್ಣ ನೋಡಿಕೊಳ್ಳುವ ರಜಕ, ಮರ ಲೋಹಗಳ ಕುಶಲಕರ್ಮಿಯಾದ ಕಾರುಕ ಇವರೆಲ್ಲರನ್ನೂ ಹೆಸರಿಸುತ್ತದೆ. 1884ರಲ್ಲಿ ಆರಂಭವಾದ ವೃತ್ತಿ ನಾಟಕ ಸಂಸ್ಥೆಯಾದ ಗುಬ್ಬಿ ಕಂಪನಿಯ ಕಾಲದಲ್ಲಿಯೂ ಬಣ್ಣದ ಪರದೆ ಬರೆಯುವವರು, ಸೀನು ಎಳೆಯುವವರು, ಹಾರ್ಮೋನಿಯಂ ನುಡಿಸುವವರು ಕಂಪನಿಯ ಜೊತೆಗೇ ಊರೂರು ಸುತ್ತುತ್ತಿದ್ದರು. ಅವರನ್ನು ಹೊರಗಿನವರೆಂದು ಕಾಣುವ ಅಭ್ಯಾಸ ಎಲ್ಲಿಂದ ಬಂತೋ, ಅದು ರಂಗಭೂಮಿಗೆ ಒಳ್ಳೆಯದನ್ನು ಮಾಡಿಲ್ಲ.

ಇಂದಿನ ನಾಟಕವೊಂದಕ್ಕೆ ರಂಗಸಜ್ಜಿಕೆ, ಬೆಳಕು, ವಸ್ತ್ರವಿನ್ಯಾಸ, ಪ್ರಸಾಧನ (ಮೇಕಪ್), ಪರಿಕರ (ರಂಗದ ಮೇಲೆ ಬಳಸುವ ವಸ್ತುಗಳು), ಸಂಗೀತ ಮತ್ತು ಧ್ವನಿ, ಇವೆಲ್ಲವನ್ನೂ ಒಂದು ಎಳೆಗೆ ತರುವ ರಂಗ ನಿರ್ವಹಣೆ, ಜೊತೆಗೆ ಹಣ, ಸಭಾಂಗಣ, ಪ್ರಚಾರಗಳನ್ನು ನೋಡಿಕೊಳ್ಳುವ ಸಂಘಟಕರು ಬೇಕು. ನಮ್ಮಂಥ ಸಣ್ಣ ಊರಿನ ತಂಡಗಳಲ್ಲಿ ಒಬ್ಬರೇ ಎರಡು ಮೂರು ಹೊಣೆ ಹೊರುತ್ತಾರೆ. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ವಿವರಿಸುವುದಕ್ಕಿಂತ ಅವು ಒಂದನ್ನೊಂದು ಹೇಗೆ ಅವಲಂಬಿಸಿವೆ ಎಂಬುದನ್ನು ನಿಮಗೆ ಪರಿಚಿತವಾದ ಉಡುಪಿನಿಂದಲೇ ಹೇಳಿದರೆ ಉತ್ತಮವೆನಿಸುತ್ತದೆ.

ಕೊಡವ ಕುಟುಂಬದ ಹಿರಿಯನೊಬ್ಬ ಉದ್ದನೆಯ ನಿಲುವಂಗಿಯಾದ ಕಪ್ಪು ಕುಪ್ಯ ತೊಟ್ಟು, ನಡುವಿಗೆ ಕೆಂಪು ಪಟ್ಟಿಯಾದ ಚೇಲೆ ಬಿಗಿದು, ಸಣ್ಣ ಕಠಾರಿಯಾದ ಪೀಚೆಕತ್ತಿ ಸಿಕ್ಕಿಸಿಕೊಂಡು ರಂಗಕ್ಕೆ ಬರುತ್ತಾನೆ ಎಂದುಕೊಳ್ಳಿ. ಸಭಾಂಗಣದ ಹಿಂಪರದೆ ಸಾಮಾನ್ಯವಾಗಿ ಕಪ್ಪು ಬಣ್ಣದ್ದೇ ಆಗಿರುತ್ತದೆ. ಮುಂದಿನಿಂದ ಮಾತ್ರ ಬೆಳಕು ಹಾಕಿದರೆ ಕುಪ್ಯ ಪರದೆಯಲ್ಲಿ ಕರಗಿಹೋಗಿ, ನಡುವಿನ ಕೆಂಪು ಪಟ್ಟಿ, ಮುಖ ಮತ್ತು ಎರಡು ಕೈಗಳು ಮಾತ್ರ ಗಾಳಿಯಲ್ಲಿ ತೇಲಾಡುವಂತೆ ಕಾಣುತ್ತವೆ. ಬೆಳಕಿನವರು ಪಕ್ಕದಿಂದಲೂ ಹಿಂದಿನ ಎತ್ತರದಿಂದಲೂ ಒಂದೊಂದು ದೀಪ ಹಾಕಿದರೆ ಭುಜದ ಮತ್ತು ತೋಳಿನ ಅಂಚಿಗೆ ಬೆಳಕು ತಾಗಿ ದೇಹದ ಆಕಾರ ಬಿಡಿಸಿಕೊಂಡು ನಿಲ್ಲುತ್ತದೆ. ಆದರೆ ಹಿಂದಿನ ದೀಪವನ್ನು ಕಟ್ಟುವುದಕ್ಕೆ ಮೇಲೆ ಪೈಪು ಬೇಕು, ಆ ಪೈಪಿನ ಕೆಳಗೆ ಸಜ್ಜಿಕೆಯವರು ಮನೆಯ ಮಾಡು ನಿಲ್ಲಿಸಿದ್ದರೆ ಬೆಳಕು ಕೆಳಗಿಳಿಯುವುದಿಲ್ಲ. ಆಗ ಮಾಡನ್ನು ಒಂದೆರಡು ಅಡಿ ಮುಂದೆ ತರಬೇಕೋ, ಪರದೆಯ ಬದಲು ಮಣ್ಣಿನ ಬಣ್ಣದ ಗೋಡೆ ನಿಲ್ಲಿಸಬೇಕೋ, ಅಥವಾ ಆ ದೃಶ್ಯಕ್ಕೆ ಮದುಮಗ ತೊಡುವ ಬಿಳಿಯ ಕುಪ್ಯವೇ ಸಂದರ್ಭಕ್ಕೆ ಒಪ್ಪುತ್ತದೆಯೋ ಎಂದು ಬೆಳಕು, ಸಜ್ಜಿಕೆ, ವಸ್ತ್ರದವರೂ ನಿರ್ದೇಶಕರೂ ಕುಳಿತು ತೀರ್ಮಾನಿಸಬೇಕಾಗುತ್ತದೆ. ಬೆಳಕಿಗೆ ಅನುಕೂಲವೆಂದು ಸಂಪ್ರದಾಯಕ್ಕೆ ಒಪ್ಪದ ಉಡುಪು ಹಾಕಿಸಿದರೆ ಇಲ್ಲಿನ ಪ್ರೇಕ್ಷಕರು ಖಂಡಿತ ಒಪ್ಪುವುದಿಲ್ಲ, ಒಪ್ಪಲೂಬಾರದು. ಈ ತೀರ್ಮಾನ ಮೊದಲ ವಾರದಲ್ಲಿ ಆದರೆ ಖರ್ಚಿಲ್ಲ. ಪ್ರದರ್ಶನದ ಮಧ್ಯಾಹ್ನ ಆದರೆ ಯಾರಾದರೊಬ್ಬರ ಕೆಲಸ ಪೂರ್ತಿ ವ್ಯರ್ಥವಾಗುತ್ತದೆ.

ಅದೇ ಪಾತ್ರಧಾರಿಯ ಬೆನ್ನಿಗೆ ಅಗಲವಾದ ಬಾಗಿದ ಅಲಗಿನ ಒಡಿಕತ್ತಿ ಕಟ್ಟಿದರೆ ಅವನು ಬೆನ್ನೊರಗುವ ಕುರ್ಚಿಯಲ್ಲಿ ಕುಳಿತುಕೊಳ್ಳಲಾರ. ಪರಿಕರದವರು ಕುರ್ಚಿ ತೆಗೆದು ಮುಕ್ಕಾಲಿಯನ್ನೋ ಬೆಂಚನ್ನೋ ಇಡುತ್ತಾರೆ; ಆಸನ ತಗ್ಗಾದ ಕೂಡಲೇ ನಟನ ಕಣ್ಣಿನ ಮಟ್ಟ ಇಳಿಯುತ್ತದೆ, ನಿರ್ದೇಶಕರು ಎದುರಿನ ಪಾತ್ರವನ್ನು ಬೇರೆಡೆ ನಿಲ್ಲಿಸಬೇಕಾಗುತ್ತದೆ. ನೆರಿಗೆ ಹಿಂದಕ್ಕೆ ಬರುವಂತೆ ಉಡುವ ಕೊಡವ ಸೀರೆಯದೂ ಇದೇ ಕಥೆ. ನಟಿಯೊಬ್ಬರು ಒಂದು ದೃಶ್ಯದಲ್ಲಿ ತೋಟದ ಕಾರ್ಮಿಕಳಾಗಿ, ಮುಂದಿನ ದೃಶ್ಯದಲ್ಲಿ ಮನೆಯೊಡತಿಯಾಗಿ ಬರಬೇಕಿದ್ದರೆ, ನೆರಿಗೆಯನ್ನು ಮೊದಲೇ ಹೊಲಿದು ಸೊಂಟಕ್ಕೆ ಹುಕ್ ಇಟ್ಟ ಸೀರೆಯೇ ಬೇಕು. ಆಗಲೂ ಅವರಿಗೆ ಒಂದಿಷ್ಟು ಸಮಯ ಬೇಕಾಗುವುದರಿಂದ ಸಂಗೀತದವರು ಆ ನಡುವೆ ಕೊಡವರ ಸಣ್ಣ ಚರ್ಮವಾದ್ಯವಾದ ದುಡಿಯ ಬಡಿತವನ್ನು ಎಷ್ಟು ಹೊತ್ತು ಮುಂದುವರಿಸಬೇಕೆಂದು ವಸ್ತ್ರದವರನ್ನು ಕೇಳಿಯೇ ಗೊತ್ತುಮಾಡುತ್ತಾರೆ. ಪ್ರೇಕ್ಷಕರಿಗೆ ಅದು ಹಾಡಿನ ಭಾಗವಾಗಿಯೇ ಕೇಳಿಸುತ್ತದೆ.

ಇವೆಲ್ಲವನ್ನೂ ಕ್ಷಣಕ್ಷಣಕ್ಕೆ ಹೊಂದಿಸುವವರು ರಂಗ ನಿರ್ವಾಹಕರು. ನೀವು ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ ನಾನು ಈ ಕೆಲಸವನ್ನೇ ತೋರಿಸುತ್ತೇನೆ, ಏಕೆಂದರೆ ಇಲ್ಲಿ ಇಡೀ ನಾಟಕ ಕಣ್ಣ ಮುಂದಿರುತ್ತದೆ. ತಾಲೀಮಿನಲ್ಲಿ ರಂಗ ನಿರ್ವಾಹಕರು ರಂಗಪ್ರತಿಯ (ಪ್ರದರ್ಶನಕ್ಕೆ ಬಳಸುವ ನಾಟಕದ ಪ್ರತಿ) ಒಂದು ಬದಿಯಲ್ಲಿ ಮಾತು, ಎದುರು ಬದಿಯಲ್ಲಿ ನಟರ ಚಲನೆ, ಬೆಳಕು ಮತ್ತು ಧ್ವನಿಯ ಕ್ಯೂಗಳನ್ನು (ಯಾವಾಗ ಬದಲಿಸಬೇಕೆಂಬ ಸೂಚನೆಗಳನ್ನು) ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಾರೆ. ದಿನವೂ ಬದಲಾವಣೆಯಾಗುವುದರಿಂದ ಪೆನ್ನು ಬಳಸುವುದಿಲ್ಲ. ಪ್ರದರ್ಶನ ಆರಂಭವಾದ ಮೇಲೆ ನಿರ್ದೇಶಕರ ಕೈಯಲ್ಲಿ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ, ನಾಟಕವನ್ನು ನಡೆಸುವವರು ವೇದಿಕೆಯ ಪಕ್ಕದ ಮರೆಯಾದ ಸೈಡ್ ವಿಂಗಿನಲ್ಲಿ ಆ ಪ್ರತಿ ಹಿಡಿದು ನಿಂತವರೇ. ಎರಡು ದೃಶ್ಯಗಳ ನಡುವೆ ಬೆಳಕು ಆರಿದಾಗ ನಡೆಯುವುದನ್ನು ಗಮನಿಸಿ. ಬೆಳಕು ಆರುವುದಕ್ಕೆ ಮೊದಲೇ ಸಜ್ಜಿಕೆಯ ಇಬ್ಬರು ಹುಡುಗರು ಕಣ್ಣು ಮುಚ್ಚಿ ಕತ್ತಲೆಗೆ ಒಗ್ಗಿಸಿಕೊಂಡಿರುತ್ತಾರೆ. ಕತ್ತಲಾದ ಕೂಡಲೇ ಒಬ್ಬ ಎಡಗಡೆಯಿಂದ ಹೋಗಿ ಬೆಂಚನ್ನು ಹೊರತರುತ್ತಾನೆ, ಮತ್ತೊಬ್ಬ ಬಲಗಡೆಯಿಂದ ದೀಪದ ಕಂಬ ತಂದು ನೆಲಕ್ಕೆ ಅಂಟಿಸಿದ ರೇಡಿಯಂ ಟೇಪಿನ ಗುರುತಿನ ಮೇಲೆ ನಿಲ್ಲಿಸುತ್ತಾನೆ. ಇಬ್ಬರ ದಾರಿ ಎಲ್ಲಿಯೂ ಒಂದನ್ನೊಂದು ದಾಟುವುದಿಲ್ಲ. ಹೊರಬಂದವರು ನಿರ್ವಾಹಕರ ಭುಜ ಮುಟ್ಟುತ್ತಾರೆ. ಎರಡು ಭುಜಕ್ಕೂ ಸ್ಪರ್ಶ ಸಿಕ್ಕ ಮೇಲೆಯೇ ದೀಪಗಳ ಪ್ರಖರತೆಯನ್ನು ಏರಿಳಿಸುವ ಡಿಮ್ಮರ್ ಬೋರ್ಡಿನವರಿಗೆ ಸೂಚನೆ ಹೋಗುತ್ತದೆ. ಇಲ್ಲಿ ಒಬ್ಬ ತನ್ನ ಕೆಲಸ ಮುಗಿಸಿದ್ದಾನೆಂಬ ಭರವಸೆಯ ಮೇಲೆ ಮತ್ತೊಬ್ಬ ತನ್ನ ಕೆಲಸ ಆರಂಭಿಸುತ್ತಾನೆ, ಸಹಯೋಗವೆಂದರೆ ನನ್ನ ಮಟ್ಟಿಗೆ ಇದೇ.

ಬೆಳಕಿನ ಕೆಲಸದಲ್ಲಿ ಸೌಂದರ್ಯದಷ್ಟೇ ಲೆಕ್ಕವೂ ಇದೆ ಎಂಬುದನ್ನು ನೀವು ತಿಳಿದಿರಬೇಕು. 1000 ವ್ಯಾಟ್‌ನ ಒಂದು ಹಳೆಯ ಹ್ಯಾಲೊಜೆನ್ ದೀಪ 230 ವೋಲ್ಟ್‌ನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. ಅಂಥ 12 ದೀಪ ಒಟ್ಟಿಗೆ ಉರಿದರೆ 52 ಆಂಪಿಯರ್ ದಾಟುತ್ತದೆ. ಶಾಲೆಯ ಸಭಾಂಗಣದ ಮಾಮೂಲಿ ತಂತಿಗೆ ಅದು ತಡೆಯುವ ಹೊರೆಯಲ್ಲ. ವಿದ್ಯುತ್ತು ಮೂರು ಬೇರೆ ಬೇರೆ ತಂತಿಗಳಲ್ಲಿ ಬರುವ ಮೂರು ಫೇಸ್ ಸಂಪರ್ಕವಿದ್ದರೆ ಪ್ರತಿ ಫೇಸಿಗೆ ನಾಲ್ಕು ದೀಪದಂತೆ ಹಂಚಬೇಕು, ಧ್ವನಿಯ ಉಪಕರಣಗಳಿಗೆ ಬೇರೆ ಸಂಪರ್ಕ ಕೊಡಬೇಕು, ಇಲ್ಲವಾದರೆ ಡಿಮ್ಮರ್ ಏರಿಳಿಸಿದಾಗಲೆಲ್ಲ ಸ್ಪೀಕರಿನಲ್ಲಿ ಗುಂಯ್‌ಗುಡುವ ಸದ್ದು ಬರುವ ಸಾಧ್ಯತೆಯಿದೆ. ಎಲ್‌ಇಡಿ ದೀಪಗಳು ಬಂದ ಮೇಲೆ ಈ ಹೊರೆ ಬಹಳ ಕಡಿಮೆಯಾಗಿದೆ. ಆದರೂ ಸಭಾಂಗಣಕ್ಕೆ ಹೋದ ತಕ್ಷಣ ನೀವು ನೋಡಬೇಕಾದ ಮೊದಲ ಜಾಗ ವೇದಿಕೆಯಲ್ಲ, ವಿದ್ಯುತ್ ಫಲಕ. ಅದನ್ನು ಮುಟ್ಟಬೇಕಾದವರು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮಾತ್ರ.

ಕೊಡಗಿನ ಮಳೆಯೂ ತಂಡದ ಒಬ್ಬ ಸದಸ್ಯನಿದ್ದಂತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಲೈವುಡ್ ಉಬ್ಬುತ್ತದೆ, ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೆ ಬೂಸ್ಟು ಹಿಡಿಯುತ್ತದೆ, ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಪಿಸುಮಾತಿನ ದೃಶ್ಯ ಮೂರನೆಯ ಸಾಲಿಗೂ ಕೇಳಿಸುವುದಿಲ್ಲ. ಕರೆಂಟು ಹೋಗುವುದಂತೂ ಇದ್ದೇ ಇದೆ. ಹಾಗಾಗಿ ನಾವು ಮಳೆಗಾಲವನ್ನು ಓದು ಮತ್ತು ತಾಲೀಮಿಗೆ ಇಟ್ಟುಕೊಂಡು, ಪ್ರದರ್ಶನವನ್ನು ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣ ಕಳೆದ ಮೇಲೆ, ಸುಗ್ಗಿಯ ಹಬ್ಬವಾದ ಪುತ್ತರಿಯ ಆಸುಪಾಸಿನಲ್ಲಿ ಗೊತ್ತುಮಾಡಿಕೊಳ್ಳುತ್ತೇವೆ. ಸಜ್ಜಿಕೆಗೆ ಪ್ಲೈವುಡ್‌ಗಿಂತ ಮರದ ಚೌಕಟ್ಟಿಗೆ ಬಿಗಿದ ಬಟ್ಟೆ ಮೇಲು. ಘಟ್ಟದ ತಿರುವುಗಳಲ್ಲಿ ಪಿಕಪ್ ಗಾಡಿಯಲ್ಲಿ ಸಾಗಿಸುವುದಕ್ಕೂ ಅದು ಹಗುರ.

ನಮ್ಮ ಜಿಲ್ಲೆಯಲ್ಲಿ ಇಂಥ ಕೌಶಲ್ಯಕ್ಕೆ ಕೊರತೆಯಿಲ್ಲ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಮಡಿಕೇರಿ ದಸರೆಯ ವಿಜಯದಶಮಿಯ ರಾತ್ರಿ ದಶಮಂಟಪಗಳ ಶೋಭಾಯಾತ್ರೆಯನ್ನು ನೀವು ನೋಡಿರುತ್ತೀರಿ. ಟ್ರ್ಯಾಕ್ಟರಿನ ಮೇಲೆ ಪೌರಾಣಿಕ ಕಥೆಯ ಮೂರ್ತಿಗಳು ಧ್ವನಿಮುದ್ರಿತ ಕಥನಕ್ಕೆ ಸರಿಯಾಗಿ ಏಳುತ್ತವೆ, ತಿರುಗುತ್ತವೆ, ಯುದ್ಧ ಮಾಡುತ್ತವೆ, ಬೆಳಕೂ ಹೊಗೆಯೂ ಅದೇ ಲಯಕ್ಕೆ ಬರುತ್ತವೆ. ಅದರ ಹಿಂದೆ ವೆಲ್ಡಿಂಗ್ ಮಾಡುವವರು, ಮೂರ್ತಿ ಮಾಡುವವರು, ಜನರೇಟರ್ ನೋಡಿಕೊಳ್ಳುವವರು, ಧ್ವನಿ ಹೊಂದಿಸುವವರು ತಿಂಗಳುಗಟ್ಟಲೆ ದುಡಿದಿರುತ್ತಾರೆ. ಮಂಟಪ ಸಮಿತಿಯ ಹುಡುಗರು ನಾಟಕ ತಂಡಗಳಿಗೂ, ನಾಟಕದವರು ಮಂಟಪಗಳಿಗೂ ಇನ್ನೂ ಹೆಚ್ಚು ಹೋಗಿ ಬರುವಂತಾದರೆ ನಮ್ಮ ರಂಗಭೂಮಿಯ ತಾಂತ್ರಿಕ ಮಟ್ಟ ಖಂಡಿತ ಏರುತ್ತದೆ.

ಕೊನೆಯ ಮಾತು ಯಾರದು ಎಂಬ ಪ್ರಶ್ನೆ ನಿಮ್ಮ ಅನುಮಾನದ ಒಳಗೇ ಇದೆ. ಅದು ನಿರ್ದೇಶಕರದೇ, ಹಾಗಿರುವುದೇ ಸರಿ, ಏಕೆಂದರೆ ಇಡೀ ನಾಟಕದ ನೋಟವೊಂದು ಯಾರಲ್ಲಾದರೂ ಇರಬೇಕು. ಆದರೆ ಒಳ್ಳೆಯ ನಿರ್ದೇಶಕರು ಬೆಳಕಿನವರಿಗೆ ‘ಇಲ್ಲಿ ನೀಲಿ ಹಾಕಿ’ ಎನ್ನುವುದಿಲ್ಲ, ‘ಈ ಹೆಂಗಸು ಈ ಮನೆಯಲ್ಲಿ ಒಂಟಿ ಎಂದು ಅನಿಸಬೇಕು’ ಎನ್ನುತ್ತಾರೆ. ಅದನ್ನು ನೀಲಿಯಿಂದ ಸಾಧಿಸಬೇಕೋ, ಕಿಟಕಿಯಿಂದ ಬೀಳುವ ಒಂದೇ ಒಂದು ಕಿರಿದಾದ ಬೆಳಕಿನಿಂದ ಸಾಧಿಸಬೇಕೋ ಎಂಬುದನ್ನು ಬಲ್ಲವರು ಬೆಳಕಿನವರು. ರಂಗ ನಿರ್ದೇಶಕರೂ ಸಂಗೀತಕಾರರೂ ಆಗಿದ್ದ ಬಿ.ವಿ. ಕಾರಂತರು ದಿನಬಳಕೆಯ ವಸ್ತುಗಳಿಂದಲೂ ನಾದ ಹೊರಡಿಸಿ ರಂಗಸಂಗೀತ ಕಟ್ಟಿದರು. ತಾಲೀಮಿನ ಒಳಗೇ ಹುಟ್ಟುವ ಅಂಥ ಸಂಗೀತ ಕೊನೆಯ ಎರಡು ದಿನ ಬಂದು ಕೂರುವವರಿಂದ ಹೊರಡುವಂಥದ್ದಲ್ಲ.

ಕ್ರಮಬದ್ಧವಾಗಿ ಕಲಿಯಬೇಕೆಂದರೆ ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಲ್ಲಿ 1980ರಲ್ಲಿ ಆರಂಭವಾದ ನೀನಾಸಂ ರಂಗಶಿಕ್ಷಣ ಕೇಂದ್ರವಿದೆ. ಅಲ್ಲಿ ನಟನೆಯ ಜೊತೆಗೆ ಸಜ್ಜಿಕೆ, ಬೆಳಕು, ಪ್ರಸಾಧನಗಳನ್ನೂ ಕಲಿಯಬಹುದು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ರಂಗತಂತ್ರ ಮತ್ತು ವಿನ್ಯಾಸವನ್ನೇ ವಿಶೇಷ ವಿಷಯವಾಗಿ ಆರಿಸಿಕೊಳ್ಳುವ ಅವಕಾಶವಿದೆ. ಹತ್ತಿರದ ಮೈಸೂರಿನಲ್ಲಿ ಸರ್ಕಾರದ ರಂಗಸಂಸ್ಥೆಯಾದ ರಂಗಾಯಣವಿದ್ದು, ಅಲ್ಲಿನ ನಾಟಕಗಳನ್ನು ಬೆಳಕಿನ ಮೇಲೆಯೇ ಕಣ್ಣಿಟ್ಟು ಒಂದು ಬಾರಿ, ರಂಗಸಜ್ಜಿಕೆಯ ಮೇಲೆ ಕಣ್ಣಿಟ್ಟು ಇನ್ನೊಂದು ಬಾರಿ ನೋಡುವುದೂ ದೊಡ್ಡ ಪಾಠ. ಸದ್ಯಕ್ಕೆ ನಿಮ್ಮ ಕಾಲೇಜಿನ ತಂಡ ಈ ವರ್ಷದ ನಾಟಕವನ್ನು ಮೊದಲ ಸಲ ಓದುವ ದಿನವೇ ಹೋಗಿ, ರಂಗಪ್ರತಿಯ ಒಂದು ನಕಲು ಕೇಳಿ ಪಡೆಯಿರಿ. ಓದುತ್ತಾ ಪ್ರತಿ ದೃಶ್ಯಕ್ಕೂ ಬೇಕಾದ ಪರಿಕರಗಳ ಪಟ್ಟಿ ಮಾಡಿ, ಯಾವುದು ಯಾರ ಕೈಯಿಂದ ಒಳಗೆ ಬಂದು ಯಾರ ಕೈಯಿಂದ ಹೊರಗೆ ಹೋಗುತ್ತದೆ ಎಂದು ಪಕ್ಕದಲ್ಲಿ ಬರೆದು, ಅದನ್ನು ನಿರ್ದೇಶಕರಿಗೆ ತೋರಿಸಿ. ಆಹ್ವಾನ ಪತ್ರಿಕೆ ಅಚ್ಚಾಗುವಾಗ ನಟರ ಹೆಸರುಗಳ ಜೊತೆ ನೇಪಥ್ಯದವರ ಹೆಸರುಗಳೂ ಸೇರಬೇಕೆಂದು ಸಂಕೋಚವಿಲ್ಲದೆ ಕೇಳಿ.