ಮಂಗಳೂರಿನಲ್ಲಿ ಎಂಟು ಗೆಳೆಯರು ಸೇರಿ ವೈನ್ ರುಚಿ ನೋಡುವ ಊಟ: ಎಷ್ಟು ಬಾಟಲಿ ಬೇಕು, ಜೊತೆಗೆ ಏನು ಅಡುಗೆ?

ನಾಲ್ಕು ಬಗೆ, ಬಗೆಗೆ ಒಂದೇ ಬಾಟಲಿ ಸಾಕು. 750 ಮಿಲಿ ಬಾಟಲಿಯಿಂದ ತಲಾ 60 ಮಿಲಿ ಸುರಿದರೆ 12 ಜನರಿಗೆ ಬರುತ್ತದೆ. ಉಳಿದದ್ದು ಊಟಕ್ಕೆ.

ತಲೆ ಕೆಡಿಸಿಕೊಳ್ಳಬೇಕಾದದ್ದು ಅಡುಗೆಯ ಬಗ್ಗೆ. ನಮ್ಮಲ್ಲಿ ಖಾರ, ಹುಳಿ ಎರಡೂ ಜಾಸ್ತಿ ಅಲ್ವಾ? ಚಿಕನ್ ಘೀ ರೋಸ್ಟ್ ಜೊತೆ ಕ್ಯಾಬರ್ನೆ ಸೋವಿನ್ಯೋನ್‌ನಂಥ ಒಗರು ಕೆಂಪು ವೈನ್ ಇಟ್ಟರೆ ಬಾಯಿ ಉರಿಯುತ್ತದೆ. ಒಗರು, ಆಲ್ಕೋಹಾಲ್ ಎರಡೂ ಖಾರವನ್ನು ಎಬ್ಬಿಸುತ್ತವೆ. ಅದಕ್ಕೆ ತುಸು ಸಿಹಿ ಇರುವ ಬಿಳಿ ವೈನ್, ಶೆನಿನ್ ಬ್ಲಾಂಕ್ ಅಥವಾ ರೀಸ್ಲಿಂಗ್ ತನ್ನಿ. ಬಂಗುಡೆ ಮೀನಿನ ಹುಳಿ-ಖಾರದ ಸಾರು ಪುಳಿಮುಂಚಿಗೆ ಹುಳಿ ಚುರುಕಾಗಿರುವ ಬಿಳಿ ವೈನ್ ಸೋವಿನ್ಯೋನ್ ಬ್ಲಾಂಕ್. ವೈನಿನ ಹುಳಿ ಸಾರಿಗಿಂತ ಕಡಿಮೆಯಾದರೆ ನೀರು ಕುಡಿದ ಹಾಗಿರುತ್ತದೆ. ಕಾಣೆ ಮೀನಿನ ರವಾ ಫ್ರೈಗೆ ಸ್ಪಾರ್ಕ್ಲಿಂಗ್ ವೈನ್. ಗುಳ್ಳೆಗಳು ಎಣ್ಣೆ ಜಿಡ್ಡನ್ನು ತೊಳೆದುಬಿಡುತ್ತವೆ. ಕೆಂಪು ಬೇಕೇ ಬೇಕೆಂದರೆ ಖಾರ ಕಡಿಮೆ ಹಾಕಿದ ಮಟನ್ ಸುಕ್ಕ ಮಾಡಿ, ಕೊನೆಗೆ ಬಡಿಸಿ. ನಡುನಡುವೆ ಬಾಯಿಂದ ಹಿಂದಿನ ವೈನಿನ ರುಚಿ ಹೋಗಲಾಡಿಸಲು ಬ್ರೆಡ್ಡೇ ತಿನ್ನಬೇಕೆಂದಿಲ್ಲ, ಬರೀ ನೀರ್ ದೋಸೆ ಅದಕ್ಕಿಂತ ಚೆನ್ನ.

ಕೆಂಪು ವೈನನ್ನು 'ರೂಮ್ ಟೆಂಪರೇಚರ್'ನಲ್ಲಿ ಕುಡಿಯಬೇಕು ಅನ್ನುವುದು ತಂಪು ದೇಶದವರ ಮಾತು. ನಮ್ಮ ಸೆಖೆಗೆ ಅದು ಕಷಾಯ! ಫ್ರಿಜ್ಜಿನಲ್ಲಿಟ್ಟು 16ರಿಂದ 18 ಡಿಗ್ರಿಗೆ ತನ್ನಿ. ಬಿಳಿಯದಕ್ಕೆ 8ರಿಂದ 10.

ಆ ಸಂಜೆ ಊದಿನಕಡ್ಡಿ, ಸೆಂಟು ಬೇಡ. ಮಲ್ಲಿಗೆಯೂ ಬೇಡ ಎಂದು ಉಡುಪಿಯ ಕಡೆಯವರಿಗೆ ಹೇಳುವ ಧೈರ್ಯ ನನಗಿಲ್ಲ, ಆದರೆ ಅದರ ಮುಂದೆ ಯಾವ ವೈನಿನ ಪರಿಮಳವೂ ಮೂಗಿಗೆ ಹತ್ತುವುದಿಲ್ಲ. ಮನೆಗೆ ಹೋಗಲು ಎಲ್ಲರಿಗೂ ರಿಕ್ಷಾ ಮೊದಲೇ ಹೇಳಿಡಿ.