ಲೆಫ್ಟಿನೆಂಟ್ ಗವರ್ನರ್ ಬಂದರೆ ಕೊಡಗಿನ ಕಷ್ಟ ತೀರುತ್ತದೆಯೇ?

ಕಾನೂನು ಅಂಕಣಕ್ಕೆ ಬರುವ ಪತ್ರಗಳಲ್ಲಿ ಪೋಡಿ, ಪಹಣಿ, ಪಾಲುಪಾರಿಕತ್ತಿನ ಪ್ರಶ್ನೆಗಳೇ ಹೆಚ್ಚಿರುತ್ತಿದ್ದವು. ಈಚೆಗೆ ಅರ್ಧಕ್ಕರ್ಧ ಪತ್ರಗಳಲ್ಲಿ ಕೇಂದ್ರಾಡಳಿತ ಪ್ರದೇಶದ್ದೇ ಮಾತು. ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಯಿತು. ಹಾಗಾಗಿ ಈ ಸಲ ಅಷ್ಟನ್ನೂ ಒಟ್ಟಿಗೆ ಮುಗಿಸುತ್ತೇನೆ. ಕೇಂದ್ರ, ರಾಜ್ಯ, ಸಂಸತ್ತು ಎಂದರೇನು ಎಂಬಲ್ಲಿಂದ ಶುರುಮಾಡುವ ತಾಳ್ಮೆ ನನಗಿಲ್ಲ. ಅದು ಹೈಸ್ಕೂಲಿನ ಪಾಠ.

ಪ್ರಶ್ನೆ: ಕೊಡಗನ್ನು ಕೇಂದ್ರಾಡಳಿತ ಪ್ರದೇಶ ಮಾಡಿ ದೆಹಲಿಯಿಂದ ಒಬ್ಬ ಲೆಫ್ಟಿನೆಂಟ್ ಗವರ್ನರ್ ಬಂದರೆ, ಬೆಂಗಳೂರಿನ ಹಂಗಿಲ್ಲದೆ ನಮ್ಮ ಆಡಳಿತವನ್ನು ನಾವೇ ನಡೆಸಬಹುದಲ್ಲವೇ? ಅವರೂ ರಾಜ್ಯಪಾಲರ ಹಾಗೆ ಸಹಿ ಹಾಕುವವರು ತಾನೇ? (ಪೊನ್ನಂಪೇಟೆ)

ಇಲ್ಲ. ಎರಡಕ್ಕೂ ಇದೇ ಉತ್ತರ. ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಕೊನೆತನಕ ಓದದೆ ಇದೇ ಪ್ರಶ್ನೆಯನ್ನು ಮತ್ತೆ ಕಳಿಸುವವರಿದ್ದಾರೆ.

ರಾಜ್ಯದಲ್ಲಿ ಆಡಳಿತ ನಡೆಸುವುದು ಚುನಾಯಿತ ಸರ್ಕಾರ. ರಾಜ್ಯಪಾಲರು ಬಹುಮಟ್ಟಿಗೆ ಅದರ ಸಲಹೆಯಂತೆ ನಡೆಯಬೇಕು. ಕೇಂದ್ರಾಡಳಿತ ಪ್ರದೇಶದ ಲೆಕ್ಕವೇ ಬೇರೆ. ಸಂವಿಧಾನದ 239ನೇ ವಿಧಿಯ ಪ್ರಕಾರ ಅಲ್ಲಿ ಆಡಳಿತ ರಾಷ್ಟ್ರಪತಿಯವರದ್ದು, ವ್ಯವಹಾರದಲ್ಲಿ ನೋಡಿದರೆ ಕೇಂದ್ರ ಸರ್ಕಾರದ್ದು. ಅವರು ನೇಮಿಸಿದ ಆಡಳಿತಗಾರ (ಕೆಲವು ಕಡೆ ಆ ಹುದ್ದೆಗೇ ಲೆಫ್ಟಿನೆಂಟ್ ಗವರ್ನರ್ ಎಂಬ ಹೆಸರು) ಅವರ ಪರವಾಗಿ ಕೆಲಸ ಮಾಡುತ್ತಾರೆ. ಕಾಫಿ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೂರದೂರಿನ ಸಾಹುಕಾರರು ತೋಟಕ್ಕೆ ಇಟ್ಟ ಮ್ಯಾನೇಜರ್ ಇವರು. ಲೈನ್‌ಮನೆಯ ಕೂಲಿಯವರ ಮಾತು ಕೇಳಬಹುದು, ಕೇಳದೆಯೂ ಇರಬಹುದು, ಆದರೆ ಲೆಕ್ಕ ಒಪ್ಪಿಸುವುದು ಸಾಹುಕಾರರಿಗೆ. ರಾಜ್ಯಪಾಲರಿಗೆ ಐದು ವರ್ಷದ ಅವಧಿ ಎಂದಾದರೂ ಸಂವಿಧಾನದಲ್ಲಿ ಬರೆದಿದೆ, ಇವರಿಗೆ ಅದೂ ಇಲ್ಲ. 2016ರ ಮೇ ತಿಂಗಳಲ್ಲಿ ಪುದುಚೇರಿಗೆ ಲೆಫ್ಟಿನೆಂಟ್ ಗವರ್ನರ್ ಆಗಿ ಬಂದ ಕಿರಣ್ ಬೇಡಿಯವರನ್ನು 2021ರ ಫೆಬ್ರವರಿಯಲ್ಲಿ, ಐದು ವರ್ಷ ತುಂಬಲು ಕೆಲವೇ ತಿಂಗಳಿರುವಾಗ, ಒಂದೇ ಆದೇಶದಲ್ಲಿ ಇಳಿಸಿದರು.

ಇನ್ನು 'ನಮ್ಮ ಆಡಳಿತ'ದ ವಿಷಯ. ಈಗಿರುವ ಎಂಟು ಕೇಂದ್ರಾಡಳಿತ ಪ್ರದೇಶಗಳಲ್ಲಿ ವಿಧಾನಸಭೆ ಇರುವುದು ದೆಹಲಿ, ಪುದುಚೇರಿ, ಜಮ್ಮು-ಕಾಶ್ಮೀರ, ಈ ಮೂರಕ್ಕೆ ಮಾತ್ರ. ಲಡಾಖ್ ಮತ್ತು ಅಂಡಮಾನಿನಲ್ಲಿ ಲೆಫ್ಟಿನೆಂಟ್ ಗವರ್ನರ್ ಇದ್ದಾರೆ, ಶಾಸಕರು ಒಬ್ಬರೂ ಇಲ್ಲ. ವಿಧಾನಸಭೆ ಕೊಡಲೇಬೇಕೆಂದು ಎಲ್ಲೂ ಬರೆದಿಲ್ಲ, ಸಂಸತ್ತಿಗೆ ಮನಸ್ಸು ಬಂದರೆ ಉಂಟು. 2011ರ ಜನಗಣತಿಯಲ್ಲಿ ಕೊಡಗಿನ ಜನ ಐದೂವರೆ ಲಕ್ಷ. ಚಂಡೀಗಢದಲ್ಲಿ ಹತ್ತು ಲಕ್ಷ ಮೀರಿತ್ತು, ಅಲ್ಲಿಗೇ ವಿಧಾನಸಭೆ ಸಿಕ್ಕಿಲ್ಲ. ಮಡಿಕೇರಿಗೆ ಸಿಕ್ಕೇ ಸಿಗುತ್ತದೆ ಎನ್ನುವವರು ಯಾವ ಆಧಾರದ ಮೇಲೆ ಹೇಳುತ್ತಾರೋ ನನಗೆ ತಿಳಿಯದು.

ವಿಧಾನಸಭೆ ಇಲ್ಲದಿದ್ದರೆ ಏನಾಗುತ್ತದೆ? ಲಕ್ಷದ್ವೀಪ ನೋಡಿ. 2021ರಲ್ಲಿ ಆಡಳಿತಗಾರ ಪ್ರಫುಲ್ ಖೋಡಾ ಪಟೇಲ್ ಅವರ ಕಾಲದಲ್ಲಿ ಅಭಿವೃದ್ಧಿ ಪ್ರಾಧಿಕಾರದ ಕರಡು ಬಂತು, ಗೋಹತ್ಯೆ ನಿಷೇಧದ ಕರಡು ಬಂತು, ಎರಡಕ್ಕಿಂತ ಹೆಚ್ಚು ಮಕ್ಕಳಿರುವವರು ಪಂಚಾಯಿತಿ ಚುನಾವಣೆಗೆ ನಿಲ್ಲಬಾರದೆಂಬ ಕರಡೂ ಬಂತು. ಇದ್ದ ಜಾಗ ಕೈತಪ್ಪುತ್ತದೆಂದು ಹೆದರಿದ ಜನ ತಮ್ಮ ತಮ್ಮ ಮನೆಗಳಲ್ಲೇ ಹನ್ನೆರಡು ಗಂಟೆ ಉಪವಾಸ ಕೂತರು. ಬೇರೇನು ಮಾಡಿಯಾರು? ಎದ್ದು ನಿಂತು ಪ್ರಶ್ನೆ ಕೇಳಲು ಅಲ್ಲೊಂದು ಸದನವೇ ಇಲ್ಲ. ಇಡೀ ದ್ವೀಪಸಮೂಹಕ್ಕೆ ಇರುವವರು ಒಬ್ಬ ಸಂಸದ. 240ನೇ ವಿಧಿಯಡಿ ರಾಷ್ಟ್ರಪತಿ ಹೊರಡಿಸುವ ನಿಬಂಧನೆ ಅಂಥ ಪ್ರದೇಶದ ಮಟ್ಟಿಗೆ ಸಂಸತ್ತಿನ ಕಾಯ್ದೆಯನ್ನೂ ಬದಲಿಸಬಲ್ಲದು. ಜಮ್ಮಾ, ಬಾಣೆ, ಪೈಸಾರಿ ಎಂದು ಒಂದೊಂದು ತುಂಡು ನೆಲಕ್ಕೂ ಒಂದೊಂದು ಹೆಸರಿಟ್ಟುಕೊಂಡಿರುವ ನಾವು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಲಡಾಖಿನದ್ದು ಇನ್ನೂ ಹತ್ತಿರದ ಉದಾಹರಣೆ. 2019ರಲ್ಲಿ ಜಮ್ಮು-ಕಾಶ್ಮೀರದಿಂದ ಬೇರೆಯಾಗಿ ಕೇಂದ್ರಾಡಳಿತ ಪ್ರದೇಶವಾದಾಗ, ಶ್ರೀನಗರದ ಹಂಗು ತಪ್ಪಿತೆಂದು ಲೇಹ್‌ನಲ್ಲಿ ಕುಣಿದರು. ಈಗ ಅದೇ ಲೇಹ್ ಕಾರ್ಗಿಲ್ ಜೊತೆ ಸೇರಿ ರಾಜ್ಯದ ಸ್ಥಾನಮಾನ ಕೊಡಿ, ಬುಡಕಟ್ಟು ಪ್ರದೇಶಗಳಿಗೆ ಸ್ವಾಯತ್ತ ಮಂಡಳಿ ಕೊಡುವ ಸಂವಿಧಾನದ ಆರನೇ ಅನುಸೂಚಿ ಕೊಡಿ ಎಂದು ಬೀದಿಗಿಳಿದಿದೆ. 2025ರ ಸೆಪ್ಟೆಂಬರ್ 24ರಂದು ಅಲ್ಲಿ ನಾಲ್ವರು ಪ್ರಾಣ ಕಳೆದುಕೊಂಡರು. ನಮ್ಮಲ್ಲಿ ಲಡಾಖಿನ ಹೆಸರು ಹೇಳಿ ಭಾಷಣ ಮಾಡುವವರು 2019ಕ್ಕೇ ನಿಂತುಬಿಡುತ್ತಾರೆ.

ಸರಿ, ವಿಧಾನಸಭೆಯೂ ಸಿಕ್ಕಿತು ಎಂದಿಟ್ಟುಕೊಳ್ಳಿ. ಜಗಳ ಅಲ್ಲಿಂದಲೇ ಶುರು. ದೆಹಲಿಗೆ 1991ರ 69ನೇ ತಿದ್ದುಪಡಿಯಿಂದ ವಿಧಾನಸಭೆ ಬಂತು, ಆದರೆ ಪೊಲೀಸ್, ಸಾರ್ವಜನಿಕ ಸುವ್ಯವಸ್ಥೆ ಮತ್ತು ಭೂಮಿ ಕೇಂದ್ರದಲ್ಲೇ ಉಳಿದವು. ಉಳಿದ ವಿಷಯಗಳಲ್ಲಿ ಲೆಫ್ಟಿನೆಂಟ್ ಗವರ್ನರ್ ಮಂತ್ರಿಮಂಡಲದ ಸಲಹೆಗೆ ಬದ್ಧರು, ಭಿನ್ನಾಭಿಪ್ರಾಯವೆಂದು ಸಿಕ್ಕಿದ್ದೆಲ್ಲವನ್ನೂ ರಾಷ್ಟ್ರಪತಿಗೆ ಕಳಿಸುವಂತಿಲ್ಲ ಎಂದು 2018ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರ ಮೇ 11ರಂದು ಅಧಿಕಾರಿಗಳ ಹಿಡಿತವೂ ಚುನಾಯಿತ ಸರ್ಕಾರದ್ದೇ ಎಂದಿತು. ಮೇ 19ಕ್ಕೆ ಸುಗ್ರೀವಾಜ್ಞೆ ಬಂತು, ಆಗಸ್ಟಿನಲ್ಲಿ ಅದೇ ಕಾಯ್ದೆಯಾಯಿತು, ಕೊನೆಯ ಮಾತು ಮತ್ತೆ ಲೆಫ್ಟಿನೆಂಟ್ ಗವರ್ನರ್ ಕೈಗೆ ಹೋಯಿತು. ಕೋರ್ಟಿನಲ್ಲಿ ಗೆದ್ದದ್ದು ಎಂಟು ದಿನಕ್ಕಿಂತ ಹೆಚ್ಚು ಉಳಿಯಲಿಲ್ಲ. ಪುದುಚೇರಿಯಲ್ಲಿ ಮುಖ್ಯಮಂತ್ರಿ ನಾರಾಯಣಸ್ವಾಮಿಯವರೇ 2019ರಲ್ಲಿ ಲೆಫ್ಟಿನೆಂಟ್ ಗವರ್ನರ್ ಇರುವ ರಾಜನಿವಾಸದ ಎದುರು ಧರಣಿ ಕೂತಿದ್ದರು. ಆ ಸದನಕ್ಕೆ ಮೂವರನ್ನು ನಾಮಕರಣ ಮಾಡಲು ಅಲ್ಲಿನ ಸರ್ಕಾರವನ್ನು ಕೇಂದ್ರ ಕೇಳಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿದೆ. ದೆಹಲಿ, ಪುದುಚೇರಿಗಳಲ್ಲಿ ಮುಖ್ಯಮಂತ್ರಿಯನ್ನು ನೇಮಿಸುವವರು ಕೂಡ ರಾಷ್ಟ್ರಪತಿಯವರೇ.

ಹಳಬರು ಹೇಳುವ 'ಸಿ ರಾಜ್ಯದ ಸುವರ್ಣಯುಗ'ದ ಮಾತಿಗೆ ಬರೋಣ. ಸಿ ರಾಜ್ಯ ಎಂದರೆ 1956ರವರೆಗೆ ಕೇಂದ್ರದ ಹಿಡಿತದಲ್ಲಿದ್ದ 'ಪಾರ್ಟ್ ಸಿ' ವರ್ಗದ ರಾಜ್ಯ, ಕೊಡಗೂ ಅದರಲ್ಲೊಂದು. 1952ರಲ್ಲಿ ಕೊಡಗಿಗೆ 24 ಸದಸ್ಯರ ವಿಧಾನಸಭೆಯಿತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದರು, ನಿಜ. ಆದರೆ ಅವರ ಮೇಲೆ ದೆಹಲಿ ನೇಮಿಸಿದ ಚೀಫ್ ಕಮಿಷನರ್ ಇದ್ದರಲ್ಲ! ಪಾರ್ಟ್ ಸಿ ರಾಜ್ಯಗಳ 1951ರ ಕಾಯ್ದೆಯ ಪ್ರಕಾರ ಆ ಕಮಿಷನರ್ ಹಾಜರಿದ್ದರೆ ಮಂತ್ರಿಮಂಡಲದ ಸಭೆಗೂ ಅವರದ್ದೇ ಅಧ್ಯಕ್ಷತೆ. ಮಂತ್ರಿಗಳೊಂದಿಗೆ ಭಿನ್ನಾಭಿಪ್ರಾಯ ಬಂದರೆ ವಿಷಯ ರಾಷ್ಟ್ರಪತಿಗೆ. ಕೇಂದ್ರಾಡಳಿತ ಪ್ರದೇಶಗಳ 1963ರ ಕಾಯ್ದೆಯ 44ನೇ ಕಲಮನ್ನು ಇದರ ಪಕ್ಕದಲ್ಲಿಟ್ಟು ಓದಿ, ಭಿನ್ನಾಭಿಪ್ರಾಯದ ಆ ಸಾಲು ಹೆಚ್ಚುಕಡಿಮೆ ಹಾಗೇ ಇದೆ. ಇಂದು ಪುದುಚೇರಿ ಪಡುವ ಪಾಡಿನ ಮೊದಲ ಪ್ರತಿ ಮಡಿಕೇರಿಯಲ್ಲೇ ಇತ್ತು.

ಹಣದ ಆಸೆಯೂ ಬೇಡ. ಹಣಕಾಸು ಆಯೋಗ ಹಂಚುವ ಕೇಂದ್ರ ತೆರಿಗೆಯ ಪಾಲು ರಾಜ್ಯಗಳಿಗೆ, ಕೇಂದ್ರಾಡಳಿತ ಪ್ರದೇಶಗಳಿಗೆ ಅದರಲ್ಲಿ ಭಾಗವಿಲ್ಲ. ವರ್ಷವರ್ಷ ಕೇಂದ್ರ ಬಜೆಟ್ಟಿನಲ್ಲಿ ಕೊಟ್ಟಷ್ಟೇ. ಐಎಎಸ್ ಅಧಿಕಾರಿಗಳಿಗೂ ಅರುಣಾಚಲ, ಗೋವಾ, ಮಿಜೋರಾಂ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆಲ್ಲ ಸೇರಿ ಒಂದೇ ಕೇಡರ್. ಇಟಾನಗರದಿಂದ ವರ್ಗವಾಗಿ ಬಂದವರಿಗೆ ಬಾಣೆ ಎಂದರೇನೆಂದು ತಿಳಿಯುವಷ್ಟರಲ್ಲಿ ಪೋರ್ಟ್ ಬ್ಲೇರ್‌ಗೆ ವರ್ಗವಾಗಿರುತ್ತದೆ.

ಕೊಡಗಿನ ಅಸಮಾಧಾನ ಸುಳ್ಳೆಂದು ನಾನು ಹೇಳುತ್ತಿಲ್ಲ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಸೋಮವಾರಪೇಟೆ ಕ್ಷೇತ್ರವೇ ಮಾಯವಾಗಿ ಮೂರಿದ್ದ ಶಾಸಕರು ಇಬ್ಬರಾದರು. ಲೋಕಸಭೆಯಲ್ಲಿ ಮೈಸೂರಿನ ಬಾಲಕ್ಕೆ ನಮ್ಮನ್ನು ಕಟ್ಟಿದ್ದಾರೆ. ಬೇಡಿಕೆ ಇಡುವವರು ಇಡಲಿ. ಆದರೆ ಸಹಿಗೆಂದು ಮನೆಗೆ ತರುವ ಮನವಿಯಲ್ಲಿ ವಿಧಾನಸಭೆ ಬೇಕೆಂಬ ಮಾತು, ಭೂಮಿಯ ಮೇಲಿನ ಅಧಿಕಾರ ಯಾರದ್ದೆಂಬ ಮಾತು, ಇವೆರಡೂ ಕಾಣದಿದ್ದರೆ ನಾನು ಪೆನ್ನು ತೆಗೆಯುವುದಿಲ್ಲ. ಎಷ್ಟು ಹೊತ್ತು ಜಗಲಿಯಲ್ಲಿ ಕೂತರೂ ಕಾಫಿ ಸಿಗುತ್ತದೆ, ಸಹಿ ಸಿಗುವುದಿಲ್ಲ.

ಪ್ರಶ್ನೆ: 1956ರ ವಿಲೀನ ಇಂತಿಷ್ಟು ವರ್ಷಕ್ಕೆ ಎಂದು ಆದ ಒಪ್ಪಂದ, ಈಗ ಅವಧಿ ಮುಗಿದಿದೆ, ಕೇಸು ಹಾಕಿದರೆ ಕೊಡಗು ತಾನಾಗಿ ಪ್ರತ್ಯೇಕವಾಗುತ್ತದೆ ಎಂದು ಮೊಬೈಲಿಗೆ ಬಂದಿದೆ. ವಂತಿಗೆಯನ್ನೂ ಕೇಳುತ್ತಿದ್ದಾರೆ. (ಕುಶಾಲನಗರ)

ಕೊಡಬೇಡಿ. ಕೊಟ್ಟಿದ್ದರೆ ರಸೀದಿ ಕೇಳಿ. ಅವಧಿ ಮುಗಿಯಲು ಅದು ಗುತ್ತಿಗೆ ಕರಾರಲ್ಲ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು ಸಂಸತ್ತಿನ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಿಂದ, 1956ರ ನವೆಂಬರ್ 1ರಂದು. ಪಾರ್ಟ್ ಸಿ ಎಂಬ ವರ್ಗವೇ ಅಂದು ಅಳಿಯಿತು, ಕೇಂದ್ರಾಡಳಿತ ಪ್ರದೇಶ ಎಂಬ ವರ್ಗ ಅಂದೇ ಹುಟ್ಟಿತು. ಇದನ್ನು ಬದಲಿಸುವ ದಾರಿ ಒಂದೇ, ಸಂವಿಧಾನದ 3ನೇ ವಿಧಿಯಂತೆ ಸಂಸತ್ತಿನ ಇನ್ನೊಂದು ಕಾಯ್ದೆ. ರಾಷ್ಟ್ರಪತಿ ಮಸೂದೆಯನ್ನು ಕರ್ನಾಟಕ ವಿಧಾನಮಂಡಲದ ಅಭಿಪ್ರಾಯಕ್ಕೆ ಕಳಿಸಬೇಕು, ಆದರೆ ಅದರ ಒಪ್ಪಿಗೆ ಬೇಕೇಬೇಕೆಂದಿಲ್ಲ. ಯಾವ ಕೋರ್ಟೂ ರಾಜ್ಯ ಒಡೆದು ಕೊಡುವುದಿಲ್ಲ. ಕೊಡಿಸುತ್ತೇನೆ ಎನ್ನುವವರು ಕರಿಕೋಟು ಹಾಕಿದ್ದರೂ ಅಷ್ಟೇ, ಹಾಕದಿದ್ದರೂ ಅಷ್ಟೇ.

ಪ್ರಶ್ನೆ: ಕರ್ನಾಟಕದ ರಾಜ್ಯಪಾಲರನ್ನೇ ಕೊಡಗಿನ ಆಡಳಿತಗಾರರನ್ನಾಗಿಯೂ ಮಾಡಬಹುದೇ? (ಗೋಣಿಕೊಪ್ಪ)

ಕೊಡಗು ಕೇಂದ್ರಾಡಳಿತ ಪ್ರದೇಶವಾದ ಪಕ್ಷದಲ್ಲಿ ಮಾಡಬಹುದು. ಪಂಜಾಬಿನ ರಾಜ್ಯಪಾಲರು 1984ರಿಂದ ಚಂಡೀಗಢದ ಆಡಳಿತಗಾರರೂ ಹೌದು. ಆ ಕುರ್ಚಿಯಲ್ಲಿ ಕೂತಾಗ ಅವರು ರಾಜ್ಯದ ಮಂತ್ರಿಮಂಡಲವನ್ನು ಕೇಳಬೇಕಿಲ್ಲ. ಬ್ರಿಟಿಷರ ಕಾಲದಲ್ಲಿ, 1881ರ ನಂತರ, ಬೆಂಗಳೂರಿನಲ್ಲಿದ್ದ ಮೈಸೂರಿನ ರೆಸಿಡೆಂಟರೇ (ಬ್ರಿಟಿಷ್ ಸರ್ಕಾರದ ಪ್ರತಿನಿಧಿ) ಕೊಡಗಿನ ಚೀಫ್ ಕಮಿಷನರ್ ಆಗಿದ್ದದ್ದನ್ನು ನಿಮ್ಮ ಮನೆಯ ಹಿರಿಯರು ಹೇಳಿರಬೇಕು.

ಪ್ರಶ್ನೆ: ಪುದುಚೇರಿಯ ಲೆಫ್ಟಿನೆಂಟ್ ಗವರ್ನರ್ ಕಚೇರಿಯಲ್ಲಿ 'ಪರಿಚಯ'ವಿದೆ, ಮಗನಿಗೆ ಕೆಲಸ ಕೊಡಿಸುತ್ತೇನೆಂದು ಒಬ್ಬರು ಮುಂಗಡ ಕೇಳಿದ್ದಾರೆ. (ವಿರಾಜಪೇಟೆ)

ಪೊಲೀಸ್ ಠಾಣೆಗೆ ಹೋಗಿ. ನನಗೆ ಬರೆದು ಒಂದು ವಾರ ಯಾಕೆ ಹಾಳು ಮಾಡಿದಿರಿ?

ಪ್ರಶ್ನೆ: ಲೆಫ್ಟಿನೆಂಟ್ ಗವರ್ನರ್ ಗಲ್ಲುಶಿಕ್ಷೆಗೆ ಕ್ಷಮೆ ಕೊಡಬಹುದೇ? (ಮಡಿಕೇರಿ)

161ನೇ ವಿಧಿಯ ಕ್ಷಮಾದಾನದ ಅಧಿಕಾರ ಇರುವುದು ರಾಜ್ಯದ ರಾಜ್ಯಪಾಲರಿಗೆ. ಇವರಿಗಿಲ್ಲ. ಅರ್ಜಿ ರಾಷ್ಟ್ರಪತಿಗೆ.

ಪ್ರಶ್ನೆ: ಕೇಂದ್ರಾಡಳಿತ ಬಂದರೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ನಮ್ಮ ವಿನಾಯಿತಿ ಹೋಗುತ್ತದೆಯೇ? (ನಾಪೋಕ್ಲು)

ಆ ವಿನಾಯಿತಿ ಈಗಲೂ ಬರುವುದು ಕೇಂದ್ರದ ಆಯುಧ ಕಾಯ್ದೆಯಡಿ, ಕೇಂದ್ರ ಗೃಹ ಸಚಿವಾಲಯದ ಅಧಿಸೂಚನೆಯಿಂದಲೇ. ಸದ್ಯದ್ದು 2029ರ ಅಕ್ಟೋಬರ್ ಕೊನೆಯವರೆಗೆ ಇದೆ. ವಿನಾಯಿತಿ ಪತ್ರ ಸರಿಯಾಗಿ ಇಟ್ಟುಕೊಂಡಿದ್ದೀರಾ ನೋಡಿಕೊಳ್ಳಿ.