ಅಪ್ಪನ ಜೊತೆ ಇರ್ತೀನಿ ಎಂದ ಹುಡುಗಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.)

ಹುಡುಗಿಗೆ 15 ವರ್ಷ. ತಂದೆ ತಾಯಿ ಬೇರೆಯಾಗಿ ಒಂದೂವರೆ ವರ್ಷ. ಶಾಲೆಯ ದಿನಗಳಲ್ಲಿ ಅಮ್ಮ ಮತ್ತು ತಮ್ಮನ ಜೊತೆ, ಶನಿವಾರ ಭಾನುವಾರ ಅಪ್ಪನ ಮನೆ. ಪ್ರತಿ ಭಾನುವಾರ ಸಂಜೆ ತಲೆನೋವು. ವೈದ್ಯರ ತಪಾಸಣೆಯಲ್ಲಿ ಏನೂ ಸಿಕ್ಕಿಲ್ಲ. "ನೀನೀಗ ದೊಡ್ಡವಳು, ಎಲ್ಲಿರಬೇಕು ಅಂತ ನೀನೇ ಹೇಳು" ಎಂದು ಇಬ್ಬರೂ ಕೇಳಿದ್ದರು. "ಅಪ್ಪನ ಜೊತೆ" ಎಂದಳು. ಅವನೇ ತಲೆ ಕೆಡಿಸಿದ್ದಾನೆ ಎಂಬುದು ತಾಯಿಯ ದೂರು.

ಮೊದಲು ಅವಳೊಬ್ಬಳನ್ನೇ ಕೂರಿಸಿಕೊಂಡು ಸುರಕ್ಷತೆಯ ಪ್ರಶ್ನೆಗಳು: ಹೊಡೆತ, ಕುಡಿತ, ಬೆದರಿಕೆ, ಬೇಡದ ಸ್ಪರ್ಶ, ಸಾಯುವ ಯೋಚನೆ. ಇವುಗಳಲ್ಲಿ ಒಂದಕ್ಕಾದರೂ ಹೌದು ಎಂದರೆ ಮುಂದೆ ಬರೆದಿರುವ ಯಾವುದೂ ಅನ್ವಯಿಸದು. ಮಗುವನ್ನು ಅಪಾಯದಿಂದ ದೂರವಿಡುವುದೇ ಆಗ ಕೆಲಸ. ಇಲ್ಲಿ ಹಾಗೇನೂ ಇರಲಿಲ್ಲ.

"ಯಾರು ಇಷ್ಟ" ಎಂದು ಕೇಳಲೇ ಇಲ್ಲ. ಎರಡು ಹಾಳೆ ಕೊಟ್ಟು, ಎರಡೂ ಮನೆಯ ಒಂದೊಂದು ದಿನವನ್ನು ಏಳುವುದರಿಂದ ಮಲಗುವವರೆಗೆ ಗಂಟೆಗಂಟೆಗೆ ಬರೆಯಲು ಹೇಳಲಾಯಿತು: ಆಗ ಮನೆಯಲ್ಲಿ ಯಾರಿರುತ್ತಾರೆ, ಓದುವುದೆಲ್ಲಿ, ಕೊನೆಗೆ ಮಾತಾಡುವುದು ಯಾರ ಜೊತೆ. ಅಮ್ಮನ ಮನೆಯ ಹಾಳೆಯಲ್ಲಿ ಓದು, ಜಗಳ, ಫೋನು, ತಮ್ಮನ ಕಾಟ, ಎಲ್ಲವೂ ಇತ್ತು. ಅಪ್ಪನ ಮನೆಯದರಲ್ಲಿ "ಊಟ ಮಾಡಿದ್ರಾ ನೋಡೋದು", "ಅವರು ಮಲಗೋ ತನಕ ಎದ್ದಿರೋದು". ಪುಸ್ತಕದ ಸುದ್ದಿಯೇ ಇಲ್ಲ. ಅವಳು ಅಪ್ಪನನ್ನು ಆರಿಸಿದ್ದು ಅಲ್ಲಿ ಬಾಳಲಿಕ್ಕಲ್ಲ, ನಿದ್ದೆ ಬಾರದ ಅಪ್ಪನಿಗೆ ಕಾವಲಿರಲಿಕ್ಕೆ. ಹದಿಹರೆಯದವರ ಆಯ್ಕೆಯ ಹಿಂದೆ ಕಡಿಮೆ ಶಿಸ್ತಿನ ಆಸೆಯನ್ನಷ್ಟೇ ಹುಡುಕುವವರ ಕಣ್ಣಿಗೆ ಇದು ಬೀಳುವುದಿಲ್ಲ.

ತಲೆ ಕೆಡಿಸಿದ್ದಾರೆಯೇ? ಹೇಳಿಕೊಟ್ಟ ಮಾತಿನಲ್ಲಿ ಸಾಮಾನ್ಯವಾಗಿ ದೊಡ್ಡವರ ಪದಗಳಿರುತ್ತವೆ. ಒಬ್ಬರು ಪೂರ್ತಿ ಕೆಟ್ಟವರು, ಇನ್ನೊಬ್ಬರು ಪೂರ್ತಿ ಒಳ್ಳೆಯವರು. ಉದಾಹರಣೆ ಕೇಳಿದರೆ ತಡಕಾಟ. ಈ ಹುಡುಗಿಗೆ ಇಬ್ಬರ ಮೇಲೂ ತಕರಾರಿತ್ತು, ತನ್ನದೇ ಮಾತಿನಲ್ಲಿ.

ಪೋಷಕರಿಗೆ ಹೇಳಿದ ಮೊದಲ ಮಾತು: ಅಭಿಪ್ರಾಯ ಅವಳದು, ತೀರ್ಮಾನ ನಿಮ್ಮದು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುವುದೂ ಮಗುವಿನ ಅಭಿಪ್ರಾಯಕ್ಕೆ ವಯಸ್ಸು, ಪ್ರಬುದ್ಧತೆಗೆ ತಕ್ಕ ತೂಕ ಕೊಡಬೇಕೆಂದು. ತೀರ್ಪಿನ ಹೊರೆಯನ್ನು ಮಗುವಿನ ಮೇಲೆ ಹಾಕಿ ಎಂದಲ್ಲ.

ತಂದೆಗೆ: ನಿದ್ದೆ ಇಲ್ಲದ್ದಕ್ಕೆ ವೈದ್ಯರನ್ನು ಕಾಣಿ, ಸಂಜೆ ಮಾತಾಡಲು ಒಬ್ಬ ವಯಸ್ಕರನ್ನು ಗೊತ್ತುಮಾಡಿಕೊಳ್ಳಿ. ಮಗಳಿಗೆ "ನಾನು ಚೆನ್ನಾಗಿದ್ದೀನಿ" ಎನ್ನಬೇಡಿ, ಅವಳು ನಂಬುವುದಿಲ್ಲ. "ನಿದ್ದೆ ಬರ್ತಿಲ್ಲ ನಿಜ, ಡಾಕ್ಟರ ಹತ್ರ ಹೋಗ್ತಿದ್ದೀನಿ. ಅದನ್ನ ನೋಡ್ಕೊಳ್ಳೋದು ನಿನ್ನ ಕೆಲಸ ಅಲ್ಲ ಪುಟ್ಟಿ" ಎನ್ನಿ. ತಾಯಿಗೆ: ಅವಳು ಅಲ್ಲಿಂದ ಬಂದಾಗ "ಅಪ್ಪ ಏನಂದ್ರು" ಎಂಬ ವಿಚಾರಣೆ ಬೇಡ.

ವ್ಯವಸ್ಥೆ 8 ವಾರದ ಪ್ರಯೋಗಕ್ಕೆ. ಎರಡು ವಾರಕ್ಕೊಮ್ಮೆ ಶುಕ್ರವಾರ ಶಾಲೆಯಿಂದ ನೇರ ಅಪ್ಪನ ಮನೆಗೆ, ಸೋಮವಾರ ಅಲ್ಲಿಂದಲೇ ಶಾಲೆಗೆ, ತಮ್ಮನೂ ಜೊತೆಗೆ. ಭಾನುವಾರ ಸಂಜೆಯ ಚೀಲ ಕಟ್ಟುವಿಕೆಯೂ ಬಾಗಿಲಲ್ಲಿ ಇಬ್ಬರು ಎದುರಾಗುವುದೂ ತಪ್ಪುತ್ತದೆ. ಚಾರ್ಜರ್, ಬಟ್ಟೆ, ಪಠ್ಯಪುಸ್ತಕ ಎರಡೂ ಕಡೆ ಒಂದೊಂದು ಜೊತೆ. ದುಡ್ಡಿನ, ಸಮಯದ ಮಾತು ಪೋಷಕರ ನಡುವೆ ಮೆಸೇಜಿನಲ್ಲೇ. ಪರೀಕ್ಷೆಯ ತಿಂಗಳಲ್ಲಿ ಬದಲಾವಣೆ ಇಲ್ಲ. ಇದನ್ನು ಇಬ್ಬರೂ ಒಟ್ಟಿಗೆ ಕೂತು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬೇಕು: "ನೀನು ಹೇಳಿದ್ದನ್ನ ಕೇಳಿದ್ವಿ, ತೀರ್ಮಾನ ನಮ್ಮಿಬ್ಬರದು." ಮರುಪರಿಶೀಲನೆಯ ದಿನಾಂಕವನ್ನೂ ಆಗಲೇ ತಿಳಿಸಬೇಕು.

ಇಂಥ ಏರ್ಪಾಡು ಮುರಿಯುವುದು ಹೆಚ್ಚಾಗಿ ಫೋನು ಕಿತ್ತುಕೊಂಡ ರಾತ್ರಿ. ಮಗು ಇನ್ನೊಬ್ಬರಿಗೆ ಕರೆ ಮಾಡುತ್ತದೆ, ಅವರು ತಕ್ಷಣ ಬಂದು ಕರೆದೊಯ್ಯುತ್ತಾರೆ, ಮನೆ ಬದಲಿಸುವುದೇ ಅಸ್ತ್ರವಾಗುತ್ತದೆ. ಆದ್ದರಿಂದ, ಅಪಾಯವಿಲ್ಲದಿದ್ದರೆ, ಜಗಳವಾದ 48 ಗಂಟೆಯೊಳಗೆ ಸ್ಥಳಾಂತರವಿಲ್ಲ ಎಂದು ಮೊದಲೇ ಒಪ್ಪಿಸಲಾಯಿತು.

ಎಂಟು ವಾರದ ಕೊನೆಗೆ ತಲೆನೋವು ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಅವಳು ಕೇಳಿದ್ದು ಮನೆ ಬದಲಾವಣೆಯನ್ನಲ್ಲ, ಅಪ್ಪನ ಮನೆಯ ಶನಿವಾರಗಳಲ್ಲಿ ಮಧ್ಯಾಹ್ನ ಗೆಳತಿಯರ ಜೊತೆ ಹೋಗಲು ಬಿಡುವು. ತಂದೆ ಸ್ವಲ್ಪ ಮುಖ ಸಣ್ಣ ಮಾಡಿಕೊಂಡೇ ಒಪ್ಪಿದರು. ಮುಂದಿನ ಪರಿಶೀಲನೆ ವಾರ್ಷಿಕ ಪರೀಕ್ಷೆ ಮುಗಿದ ಮೇಲೆ.